ಜುಮ್ಮಾ ನಮಾಜಿನ ಹೊತ್ತಿನ ಖರ್ಚು

"ಕಾಕಾ, ನಮ್ಮ ಮೈದುನ ಬಾಷಾ ಬ್ಯಾಗು ತುಂಬಾಕತ್ತಾನ. ಮನಿ ಒಡದು ಹೋಗತೈತ್ರಿ!" ಎನ್ನುತ್ತ ಹುಸ್ನಾ ಬಂದು ನಿಂತಳು.

ಪೊಲೀಸ್ ನೌಕರಿ ಮುಗಿಸಿ ಗಜೇಂದ್ರಗಡಕ್ಕೆ ಮರಳಿದ್ದ ಟಿಪ್ಪುಸಾಬರ ಕಟ್ಟೆಗೆ ಊರಿನ ತಂಟೆಗಳೆಲ್ಲ ಬರುತ್ತಿದ್ದವು. ಹೆಂಡತಿ ದೇವರ ಪಾದ ಸೇರಿದ ಮೇಲೆ ಅವರ ಗೆಳೆಯ ನಿಂಗಪ್ಪನ ಹೊತ್ತೂ ಅಲ್ಲೇ ಕಳೆಯುತ್ತಿತ್ತು.

ಹೋದ ಶುಕ್ರವಾರ ಯಾರೋ ಹುಸ್ನಾಳ ಗಂಡ ಜಾಕೀರನ ಕ್ರೆಡಿಟ್ ಕಾರ್ಡು ಉಜ್ಜಿದ್ದರು. ನಮಾಜು ಮುಗಿಸಿ ಅವನು ಫೋನು ಚಾಲೂ ಮಾಡಿದೊಡನೆ ಕನ್ನಡಕದ ಅಂಗಡಿಯ ನಾಲ್ಕು ಸಾವಿರದ ಸಂದೇಶ ಬಂದಿತ್ತು. ಆಗಷ್ಟೇ ಅವನ ತಮ್ಮ ಬಾಷಾ ಬಜಾರದ ಕಡೆ ಹೋಗಿದ್ದ; ಕಾರ್ಡು ಒಯ್ದವನು ಅವನೇ ಎಂದು ಜಾಕೀರ ಜಗಳ ತೆಗೆದಿದ್ದ.

"ನಮ್ಮ ಅತ್ತಿಯವರಿಗೆ ಈ ಜಗಳದ್ದು ಏನೂ ಹೇಳಿಲ್ರಿ. ಕಾರ್ಡಿನ ಸಾಲ ಮೊದಲೇ ಭಾಳ ಐತಿ, ಅದೂ ಅವರಿಗೆ ಗೊತ್ತಿಲ್ಲ," ಎಂದಳು ಹುಸ್ನಾ.

ಇಬ್ಬರೂ ಹುಸ್ನಾಳ ಮನೆಗೆ ಹೋದಾಗ ಬಾಷಾನ ಮೂಗಿನ ಮೇಲೆ ಕರೀ ಕನ್ನಡಕ ಕಂಡೊಡನೆ ನಿಂಗಪ್ಪನಿಗೆ ಕಳ್ಳ ಸಿಕ್ಕಂತಾಯಿತು.

"ಬಸ್‌ಸ್ಟ್ಯಾಂಡಿನ್ಯಾಗ ಕೊಂಡದ್ದರಿ, ಅದೂ ಚೌಕಾಶಿ ಮಾಡಿ ಅಗ್ಗಕ್ಕ!" ಎಂದು ಬಾಷಾ ಸಿಡುಕಿದ.

ಟಿಪ್ಪುಸಾಬರು ಜಾಕೀರ ನೇಯುತ್ತಿದ್ದ ಮಗ್ಗದ ಮೇಲಿನ ಸೀರೆಯನ್ನು ಬೆರಳಿನಿಂದ ಸವರಿದರು. "ಲಾಳಿಯ ಕಂಡಿಕಿಗೆ ನೂಲು ಯಾರು ಸುತ್ತತಾರ?"

"ಅಮ್ಮ," ಎಂದ ಜಾಕೀರ.

"ನಮಾಜಿನ್ಯಾಗ ಬಾಷಾ ಎಲ್ಲಿದ್ದ?"

"ನನ್ನ ಬಾಜೂಕರಿ."

ಟಿಪ್ಪುಸಾಬರು ತಾಯಿ ಜಮಾಲಬಿಯನ್ನೂ ಕರೆದು ಎಲ್ಲರನ್ನೂ ಮಗ್ಗದ ಸುತ್ತ ಕೂಡಿಸಿದರು.

"ಜಾಕೀರ, ನಮಾಜಿನ ಹೊತ್ತಿಗೆ ನಿನ್ನ ಫೋನು ಬಂದ್ ಇತ್ತು. ಚಾಲೂ ಮಾಡಿದ ಕೂಡ್ಲೇ ಸಂದೇಶ ಬಂತಂದ್ರ ಅದು ಮೊದಲೇ ಕಾಯಾಕತ್ತಿತ್ತು. ರೊಕ್ಕ ಹೋದದ್ದು ನಮಾಜಿನ ಹೊತ್ತಿನ್ಯಾಗ. ಬಾಷಾ ಆಗ ನಿನ್ನ ಮಗ್ಗಲದಾಗ ಇದ್ದ. ಅಂದ್ರ ಕಾರ್ಡು ಒಯ್ದವರು ಮನ್ಯಾಗ ಉಳಿದವರು. ಇನ್ನ ಈ ಸೀರಿ ನೋಡ್ರಿ. ಮೊದಲು ನೇಯ್ದದ್ದರಾಗ ನೂಲು ಸುತ್ತೂ ಮುಂದ ಹಾಕಿದ ಗಂಟು ಜ್ವಾಳದಷ್ಟು, ಈ ವಾರದ್ದರಾಗ ಎಳ್ಳಿಗಿಂತ ಸಣ್ಣ. ಮಂಜಾದ ಕಣ್ಣು ಒಮ್ಮೆಲೆ ಚಲೋ ಆಗ್ಯಾವ. ಹೌದಲ್ಲರಿ, ಜಮಾಲಬಿ?"

ಮುದುಕಿ ನೂಲಿನ ಬುಟ್ಟಿಯೊಳಗಿಂದ ಹೊಸ ಕನ್ನಡಕ ತೆಗೆದಳು. "ಜಾಕೀರ ಹಬ್ಬ ಆದಮ್ಯಾಲೆ ಕೊಡಸ್ತೀನಿ ಅಂದಿದ್ದ. ಅಲ್ಲೀತನಕ ಕೆಲಸ ಕೆಡತಿತ್ತು. ಕಾರ್ಡಿನ್ಯಾಗ ಇರೋದು ಇವನ ಗಳಿಕಿ ಅಂತ ತಿಳಕೊಂಡಿದ್ದೆರಿ. ಸಾಲಂತ ಯಾರೂ ಹೇಳಲಿಲ್ಲ!"

ಜಾಕೀರ ತಲೆ ತಗ್ಗಿಸಿದ. "ತಿಂಗಳಾ ತಿಂಗಳಾ ಕಡಿಮಿಂದ ಕಡಿಮಿ ಎಷ್ಟೋ ಅಷ್ಟ ತುಂಬತಿದ್ದೆ. ಬಡ್ಡಿ ಬೆಳಕೊಂತ ಹೋತು."

"ನಾಳೆ ಬ್ಯಾಂಕಿಗೆ ಹೋಗೂಣು, ಕಂತು ಮಾಡಿ ಕೊಡ್ರಿ ಅಂತ ಕೇಳೂಣು," ಎಂದರು ಟಿಪ್ಪುಸಾಬರು. "ಸಾಲ ತೀರೋತನಕ ಕಾರ್ಡು ಹುಸ್ನಾಳ ಕಡೆ ಇರಲಿ."

"ಸಾಲ ತೀರಸಾಕ ಮೂಲ್ಯಾಗ ಸುಮ್ಮನ ನಿಂತ ಮಗ್ಗ ನಾ ಹೂಡತೀನಿ," ಎಂದ ಬಾಷಾ. "ಆದ್ರ ಅಣ್ಣ ಮೊದಲು ಮಾಫಿ ಕೇಳಲಿ."

ಜಾಕೀರ ತಮ್ಮನ ಬ್ಯಾಗು ಬಿಚ್ಚಿ ಅಂಗಿಗಳನ್ನು ಒಂದೊಂದೇ ಗೂಟಕ್ಕೆ ಹಾಕತೊಡಗಿದ. ಜಮಾಲಬಿ ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ಹಿರಿಮಗನ ಗಲ್ಲ ಹಿಡಿದು ನೋಡಿದಳು.

"ಎಷ್ಟು ಸೊರಗಿಯೋ ನನ್ನಪ್ಪಾ! ಇಷ್ಟು ದಿನ ನನಗ ಕಾಣಲೇ ಇಲ್ಲ."

ಮನೆ ಒಡೆಯದೆ ಉಳಿಯಿತೆಂದು ನಿಂಗಪ್ಪ ತನ್ನ ದೇವರಿಗೆ ಮನಸ್ಸಿನಲ್ಲೇ ಕೈಮುಗಿದ.