ಜ್ವರ ಬಾರದ ಏಳು ತಿಂಗಳು

ಗೌರವ್ವನ ಪಿತ್ತನಾಳದಲ್ಲಿ ಕೂತಿದ್ದ ಬೆರಳುದ್ದದ ನಳಿಗೆ ದಿನವೂ ಬೆಳಿಗ್ಗೆ ಆರಕ್ಕೆ ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಗೆ ಸುದ್ದಿ ಕಳುಹಿಸುತ್ತಿತ್ತು. ಹಸಿರು ದೀಪ ಹತ್ತಿದರೆ ನಳಿಗೆ ಸ್ವಚ್ಛವಾಗಿದೆ ಎಂದರ್ಥ. ಹುಬ್ಬಳ್ಳಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಆಕೆಯ ಗಂಡ ಈರಪ್ಪ, ದೀಪ ನೋಡಿದ ಮೇಲೆಯೇ ಚಹಾಕ್ಕೆ ನೀರಿಡುತ್ತಿದ್ದ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪಿತ್ತನಾಳವನ್ನು ಅದುಮಿದಾಗ ದಾರಿ ಬಿಡಿಸಲು ಸ್ಟೆಂಟ್ ಎಂಬ ನಳಿಗೆ ಹಾಕುವುದು ಹಳೆಯ ಪದ್ಧತಿ. ಆದರೆ ಅದರ ಒಳಮೈಗೆ ಬ್ಯಾಕ್ಟೀರಿಯಾಗಳು ಪಾಚಿಯಂತೆ ಅಂಟಿಕೊಂಡು ಮತ್ತೆ ಮತ್ತೆ ಚಳಿಜ್ವರ ತರುತ್ತಿದ್ದವು. ಕೆಲವಂತೂ ಕ್ಯಾನ್ಸರಿನ ಔಷಧವನ್ನೇ ಕೆಡಿಸುತ್ತಿದ್ದವು. ಡಾ. ಮೃಣಾಲಿನಿ ಕೆರೂರ ರೂಪಿಸಿ ಗೌರವ್ವನಿಗೆ ಹಾಕಿದ್ದ 'ಸ್ವಶೋಧಕ ನಳಿಗೆ' ಅವು ಅಂಟುತ್ತಿದ್ದಂತೆಯೇ ಗುರುತು ಹಿಡಿದು, ಅವನ್ನಷ್ಟೇ ಕೊಲ್ಲುವ ವೈರಾಣುಗಳನ್ನು ಬಿಡುತ್ತಿತ್ತು.

ಏಳು ತಿಂಗಳು ಜ್ವರ ಬರಲಿಲ್ಲ. ಕ್ಯಾನ್ಸರಿನ ಗುಳಿಗೆಗಳು ಮನೆಗೇ ಬರುತ್ತಿದ್ದವು. ಗೌರವ್ವ ಗದಗಿನ ತಂಗಿಯ ಮನೆಗೆ ಹೋಗಿಬಂದಳು, ಅಂಗಡಿಯಲ್ಲಿ ಕೂತು ಅಂಗಿ ಮಡಚಿದಳು. ಒಂದು ದಿನ ಮಡಚುತ್ತಲೇ ಹೇಳಿದಳು: "ಬೆನ್ನು ಭಾಳ ನೋಯಾಕತ್ತೈತ್ರಿ. ದವಾಖಾನಿಗೆ ಹೋಗೂಣೇನು?"

"ದೀಪ ಹಸರೈತಲ್ಲ! ಎಣ್ಣಿ ಹಚ್ಚತೀನಿ ತಗೊ," ಎಂದ ಈರಪ್ಪ.

ತಿಂಗಳ ಮೇಲೆ ಆಕೆಯನ್ನು ಎತ್ತಿಕೊಂಡೇ ಆಸ್ಪತ್ರೆಗೆ ಒಯ್ಯಬೇಕಾಯಿತು. ಕ್ಯಾನ್ಸರ್ ಬೆನ್ನೆಲುಬಿಗೂ ಯಕೃತ್ತಿಗೂ ಹಬ್ಬಿತ್ತು. ಹನ್ನೊಂದನೆಯ ದಿನ ಗೌರವ್ವ ತೀರಿಕೊಂಡಳು.

ಮಣ್ಣು ಕೊಟ್ಟು ವಾರವಾದ ಮೇಲೆ ಈರಪ್ಪ ಡಾ. ಮೃಣಾಲಿನಿಯವರ ಮುಂದೆ ಕೂತು ಕೇಳಿದ: "ಮಷೀನು ಸುಳ್ಳು ಹೇಳಿತೇನ್ರಿ ಬಾಯಾರ?"

"ಇಲ್ಲ ಈರಪ್ಪ. ಅದು ನಳಿಗೆಯ ಸುದ್ದಿಯನ್ನಷ್ಟೇ ಹೇಳುತ್ತಿತ್ತು. ಮೊದಲು ಜ್ವರ ಬಂದಾಗಲೆಲ್ಲ ನೀವು ಇಲ್ಲಿಗೆ ಓಡಿ ಬರುತ್ತಿದ್ದಿರಿ, ನಾವು ಸ್ಕ್ಯಾನ್ ಮಾಡುತ್ತಿದ್ದೆವು. ಜ್ವರವನ್ನು ನಾನು ನಿಲ್ಲಿಸಿದೆ. ಜ್ವರದ ಜೊತೆಗೇ ನೀವು ಬರುವುದೂ ನಿಲ್ಲುತ್ತದೆಂದು ನನಗೆ ಹೊಳೆಯಲೇ ಇಲ್ಲ. ತಪ್ಪು ನನ್ನದು."

"ಎಣ್ಣಿ ಹಚ್ಚಿದಾಂವ ನಾನ್ರಿ," ಎಂದ ಈರಪ್ಪ. ಎದ್ದು ಹೊರಗೆ ಬಂದು ಬಾಗಿಲು ಮುಚ್ಚಿದ.

ಹೊರಗೆ ಪಡಸಾಲೆಯಲ್ಲಿ ಹಳದಿ ರುಮಾಲಿನ ಒಬ್ಬ ಮುದುಕ ಅಂಥದೇ ಹಸಿರು ದೀಪದ ಪೆಟ್ಟಿಗೆಯ ಬ್ಯಾಟರಿ ಬದಲಿಸಿಕೊಂಡು ಹೊರಟಿದ್ದ. "ಎಂಟು ತಿಂಗಳಾತು, ಡಾಕ್ಟರ್ ಮಾರಿ ನೋಡಿಲ್ಲ!" ಎಂದು ಪಕ್ಕದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದ.

ಈರಪ್ಪ ಹತ್ತಿರ ಹೋಗಿ ಅವನ ಕೈ ಹಿಡಿದ.

"ಯಾರಪಾ ನೀನು?"

"ಹೇಳತೀನ್ರಿ ಯಜಮಾನ್ರ. ಮೊದಲ ಒಳಗ ನಡೀರಿ," ಎಂದು ಈರಪ್ಪ ಈಗಷ್ಟೇ ಮುಚ್ಚಿ ಬಂದ ಬಾಗಿಲನ್ನು ಮತ್ತೆ ತಟ್ಟಿದ.