ದಿನದಿನಕ್ಕೂ ಗಟ್ಟಿಯಾದ ಗಿಟಾರ್

ಗುರುವಾರ ಸಂಜೆ ಆರಕ್ಕೆ ಗಿಟಾರಿನ ದಪ್ಪ ತಂತಿಯನ್ನು ಮೀಟಿದವನು ಬಿಸಿ ಪಾತ್ರೆ ಮುಟ್ಟಿದಂತೆ ಕೈ ತೆಗೆದ. ಸದ್ದು ಮತ್ತೆ ಹೆಚ್ಚಾಗಿತ್ತು!

ಕೊಂಡು ಹದಿನೆಂಟು ದಿನವಾಗಿತ್ತು. ಅಂಗಡಿಯಲ್ಲಿ ಪಿಸುಗುಟ್ಟುತ್ತಿದ್ದ ವಾದ್ಯ ದಿನಕ್ಕಿಷ್ಟು ಗಂಟಲು ಬಿಡುತ್ತಾ ಬಂದಿತ್ತು. ತಂತಿಗಳು ಅವೇ, ಬೆರಳುಗಳೂ ಅವೇ. ಹಾಗಾದರೆ ಅದರ ಮೆಲುದನಿಯನ್ನು ಕದ್ದವರು ಯಾರು?

ಟಕ್, ಟಕ್ — ಕೆಳಗಿನಿಂದ ಪೊರಕೆಯ ಹಿಡಿ ಸೂರಿಗೆ ಬಡಿಯಿತು. ಕೆಳಮನೆಯ ನರ್ಸ್‌ಗೆ ರಾತ್ರಿ ಪಾಳಿ. ಸಂಜೆ ಏಳರವರೆಗೆ ನಿದ್ದೆ. ನಡುವೆ ಇದ್ದದ್ದು ಬರೀ ಹಲಗೆಯ ನೆಲ. ಮನೆ ಮಾಲೀಕರು ಮೊನ್ನೆಯೇ ಖಡಾಖಂಡಿತವಾಗಿ ಹೇಳಿದ್ದರು: ಇನ್ನೊಂದು ದೂರು ಬಂದರೆ ಒಂದೋ ಗಿಟಾರ್ ಹೊರಗೆ, ಇಲ್ಲಾ ನೀವು ಹೊರಗೆ.

ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ದಿನವಿಡೀ ಗಾಜು ಅರೆಯುವ ಅವನಿಗೆ ಸಂಜೆಯ ಆ ಅರ್ಧ ಗಂಟೆಯೇ ಉಸಿರು. ಇದೇ ಗಲಾಟೆಗೆ ಹಳೆಯ ಗಿಟಾರನ್ನು ಮಾರಿ, ಆರು ತಿಂಗಳು ಕೈಕಟ್ಟಿ ಕೂತು, ಅಂಗಡಿ ಅಂಗಡಿ ಅಲೆದು ಈ ಅರ್ಧ ಟೊಳ್ಳಿನ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರನ್ನು ಆರಿಸಿದ್ದ. ನಡುವೆ ಗಟ್ಟಿ ಮರ, ಎರಡೂ ಪಕ್ಕ ಟೊಳ್ಳು. ಕರೆಂಟಿಲ್ಲದೆ ನುಡಿಸಿದರೆ ತನಗೆ ಕೇಳುವಷ್ಟು, ನೆರೆಗೆ ಕೇಳದಷ್ಟು ಸದ್ದು. ಬೆಲೆಯೂ ಕೈಗೆಟುಕುವಂಥದ್ದು. ಇದೂ ಕೈಬಿಟ್ಟರೆ ಇನ್ನೊಂದು ಹುಡುಕುವ ಚೈತನ್ಯ ಅವನಲ್ಲಿ ಉಳಿದಿರಲಿಲ್ಲ.

ದಿಕ್ಕು ತೋಚದೆ ಅಕ್ಕನಿಗೆ ಫೋನ್ ಮಾಡಿದ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಜಾಡು ಹಿಡಿಯುವುದು ಅಕ್ಕನ ಕೆಲಸ. ಸುಟ್ಟ ಗೋದಾಮಿನ ಬೂದಿ ಕೆದಕಿ ಬೆಂಕಿ ಹಚ್ಚಿದವನನ್ನು ಹಿಡಿದವಳಿಗೆ ಇದೊಂದು ಗಿಟಾರ್ ಯಾವ ಲೆಕ್ಕ?

ಶನಿವಾರ ಸಂಜೆ ಅಕ್ಕ ಬಂದಳು. ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಶುರು.

“ಗಿಟಾರ್ ಎಲ್ಲಿಡ್ತೀಯ?”

“ಅಮ್ಮನ ಕೋಣೇಲಿ. ನಮ್ಮ ಕೋಣೆ ಗೋಡೆ ತೇವ.”

“ಹೆಡ್‌ಫೋನ್ ಹಾಕ್ಕೊಂಡು ನುಡಿಸಬಹುದಿತ್ತಲ್ಲೋ?”

“ಅಂಗಡಿಯವನು ಹೆಡ್‌ಫೋನ್ ಜೊತೆ ಸದ್ದು ಹೆಚ್ಚಿಸೋ ಪುಟ್ಟ ಆಂಪ್ ಒಂದನ್ನ ಪುಕ್ಕಟೆ ಕೊಟ್ಟಿದಾನೆ. ಮುಟ್ಟಿಲ್ಲ. ಅಮ್ಮ ಕರೆದ್ರೆ ನಂಗೆ ಕೇಳಿಸ್ಬೇಕಲ್ಲ ಅಕ್ಕಾ? ಒಂದ್ಸಲ ಬಿದ್ದು ಸೊಂಟ ಮುರ್ಕೊಂಡಿದಾಳೆ.”

ಕಿಟಕಿಯ ಪಕ್ಕ ಅಮ್ಮ ಕ್ರೋಷಾ ಹೆಣೆಯುತ್ತ ಕೂತಿದ್ದಳು. ಊರುಗೋಲು ಕುರ್ಚಿಗೆ ಒರಗಿತ್ತು. ಮಡಿಲಲ್ಲಿ ದಾರದುಂಡೆ, ಹಳದಿ ನೂಲಿನ ಹೊಸ ಹೊದಿಕೆಯ ಗುಂಡುಸೂಜಿ ದಿಂಬು. ಮಗಳ ಮುಖ ಕಂಡದ್ದೇ ನಕ್ಕಳು.

ಅಕ್ಕ ಅವನ ಹೆಂಡತಿಯ ಕಡೆ ತಿರುಗಿದಳು. “ನೀನು ಮುಟ್ತೀಯೇನಮ್ಮಾ ಅದನ್ನ?”

“ದಿನಾ ಧೂಳು ಒರೆಸ್ತೀನಿ, ಅಷ್ಟೇ. ಅದನ್ನ ಗಟ್ಟಿ ಮಾಡಿ ಇರೋ ಮನೆ ಕಳ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ ಅತ್ತಿಗೆ?”

ಆಮೇಲೆ ಅಂಗಡಿಗೆ ಫೋನ್.

“ಇದನ್ನ ನಿಮಗೆ ಮಾರಿದ್ದು ಯಾರು?”

“ಹೋಟೆಲ್ ಬ್ಯಾಂಡಿನವರು ಮೇಡಂ,” ಎಂದ ಅಂಗಡಿಯವ. “ದೊಡ್ಡ ಸ್ಪೀಕರ್ ಎದುರು ಇದು ಕೂಗುತ್ತೆ ಅಂತ ಒಳಗೆ ಸ್ಪಂಜು ತುರುಕಿದ್ರು. ನಿಮ್ಮ ತಮ್ಮ ಕೇಳಿದ್ದು ಮೆತ್ತಗಿನ ಗಿಟಾರ್. ನಾನು ಕೊಟ್ಟಿದ್ದೂ ಮೆತ್ತಗಿನದೇ. ತಪ್ಪೇನು?”

ಅವನಿಗೆ ಪೆಚ್ಚಾಯಿತು. ಹತ್ತು ಅಂಗಡಿ ಅಲೆದು ಆರಿಸಿದ್ದು ಮರದ ಗುಣವನ್ನಲ್ಲ, ಯಾರೋ ತುರುಕಿದ ಸ್ಪಂಜನ್ನೇ?

ಗಿಟಾರಿನ ಎದೆಯ ಮೇಲಿದ್ದ ಬಳುಕು ಸೀಳಿನೊಳಕ್ಕೆ ಅಕ್ಕ ಟಾರ್ಚ್ ಬಿಟ್ಟಳು. ಒಳಗೆ ಖಾಲಿ. ಮೂಲೆಯಲ್ಲಿ ಕಪ್ಪು ಚೂರೊಂದು ಅಂಟಿತ್ತು.

“ಇಷ್ಟು ಸಣ್ಣ ಸೀಳು — ಬೆರಳು ಹೋಗಲ್ಲ,” ಎಂದು ಗೊಣಗಿ, ಅಮ್ಮನ ಬೆನ್ನ ಹಿಂದಿನ ಕಪಾಟಿನಿಂದ ಅಲಾರಾಂ ಗಡಿಯಾರ ತೆಗೆದು ಮುಳ್ಳು ತಿರುಗಿಸಿದಳು.

ಗಡಿಯಾರ ಕಿರ್ರೆಂದು ಅರಚಿತು. ಅವನ ಹೆಂಡತಿ ಬೆಚ್ಚಿಬಿದ್ದಳು. ಕೆಳಗಿನಿಂದ ಪೊರಕೆ ಬಡಿಯಿತು.

ಅಮ್ಮ ಹೆಣೆಯುತ್ತಲೇ ಇದ್ದಳು.

ಅಕ್ಕ ಅಲಾರಾಂ ಒತ್ತಿ ನಿಲ್ಲಿಸಿದಳು. ತಮ್ಮನ ಕಡೆ ತಿರುಗಿದಳು.

“ಕಳ್ಳಿ ಇಲ್ಲೇ ಇದಾಳೆ ಕಣೋ. ಆ ಸೂಜಿ ದಿಂಬು ನೋಡು. ನಾನು ಹೋದ ಸಲ ಬಂದಾಗ ಬಿಲ್ಲೆ ಥರ ಚಪ್ಪಟೆ ಇತ್ತು. ಈಗ ನಿಂಬೆಹಣ್ಣಿನ ಥರ ಉಬ್ಬಿದೆ. ಒಳಗೇನು ತುಂಬಿದೆ ಅಂತ ನೀವಿಬ್ಬರೂ ಕೇಳಿದ್ರಾ? ನೀವು ಕೆಲಸಕ್ಕೆ ಹೋದ ಮೇಲೆ ಅಮ್ಮ ಕ್ರೋಷಾ ಕಡ್ಡಿ ಕೊಕ್ಕೆಯಿಂದ ದಿನಾ ಒಂದೊಂದು ಚೂರು ಎಳೆದಿದಾಳೆ.”

“ಅಮ್ಮ? ಯಾಕೆ?”

“ಅದನ್ನೇ ಕೇಳು. ಎದುರಿಗೆ ಕೂತು, ತುಟಿ ಕಾಣೋ ಹಾಗೆ ಕೇಳು.”

ಅವನು ಅಮ್ಮನ ಕಾಲ ಬಳಿ ಕೂತ. ದಿಂಬಿನ ಮೇಲೆ ಬೆರಳಿಟ್ಟ, ಅಷ್ಟೇ. ಅಮ್ಮ ಸಿಕ್ಕಿಬಿದ್ದ ಮಗುವಿನಂತೆ ತಲೆ ತಗ್ಗಿಸಿದಳು.

“ಮೊದಲನೇ ದಿನ ಗಿಟಾರ್ ಹೊಟ್ಟೆಯೊಳಗೇನೋ ಕಪ್ಪಗೆ ಕಂಡಿತು. ಅದಕ್ಕೇ ಸದ್ದು ಬರ್ತಿಲ್ಲ ಅಂದ್ಕೊಂಡೆ. ನೀನು ಬೆರಳಾಡಿಸೋದು ಕಾಣ್ತಿತ್ತು ಕಣೋ, ಏನೂ ಕೇಳ್ತಿರಲಿಲ್ಲ. ಒಂದು ಚೂರು ತೆಗೆದೆ, ಸ್ವಲ್ಪ ಕೇಳಿಸಿತು. ಆಮೇಲೆ ಆಸೆ ಆಯ್ತು.”

“ಕಿವಿ ವಿಷಯ ನಮಗ್ಯಾಕೆ ಹೇಳ್ಲಿಲ್ಲಮ್ಮಾ?”

“ಸೊಂಟ ತೋರಿಸೋಕೆ ಹೋದಾಗ, ನೀನು ಔಷಧಿ ಸಾಲಿನಲ್ಲಿ ನಿಂತಿದ್ದೆಯಲ್ಲ, ಆಗ ಕಿವಿ ಡಾಕ್ಟರನ್ನ ಕೇಳಿದೆ. ನರ ಸೋತಿದೆ, ಯಂತ್ರ ಹಾಕಿದ್ರೂ ಕೇಳಿಸೋದು ಇನ್ನೊಂದು ವರ್ಷವೋ ಏನೋ ಅಂದ್ರು. ಹೇಳಿದ್ರೆ ನೀನೇನು ಮಾಡ್ತಿದ್ದೆ?”

ಏನು ಮಾಡುತ್ತಿದ್ದ? ಊರಿನವರ ಕಣ್ಣಿಗೆಲ್ಲ ಗಾಜು ಅರೆದು ಕೊಡುವವನ ಬಳಿ ಅಮ್ಮನ ಕಿವಿಗೆ ಕೊಡುವಂಥದ್ದು ಏನೂ ಇರಲಿಲ್ಲ. ಅಮ್ಮ ಕರೆದರೆ ಕೇಳಲೆಂದು ತನ್ನ ಕಿವಿಯನ್ನು ತೆರೆದಿಟ್ಟಿದ್ದ; ಅವಳ ಕಿವಿ ಮುಚ್ಚುತ್ತಿರುವುದು ತಿಳಿಯಲೇ ಇಲ್ಲ. ಅಳು ಒತ್ತರಿಸಿ ಬಂತು.

ಪತ್ತೆ ಮುಗಿದಿತ್ತು. ಅಕ್ಕ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಕೆಳಗೆ ನರ್ಸ್‌ಗೆ ಇನ್ನೂ ಅರ್ಧ ಗಂಟೆಯ ನಿದ್ದೆ ಬಾಕಿಯಿತ್ತು.

ಅವನು ಎದ್ದು ಆಂಪಿನ ಡಬ್ಬಿ ಬಿಚ್ಚಿದ. ಗಿಟಾರಿಗೆ ಅದರ ವೈರ್ ಸಿಕ್ಕಿಸಿ, ಹೆಡ್‌ಫೋನನ್ನು ಅಮ್ಮನ ತಲೆಗೆ ತೊಡಿಸಿದ. ಅವಳಿಗೆ ಇಷ್ಟವಾದ ಹಳೆಯ ರಾಗವನ್ನೇ ಶುರುಮಾಡಿದ. ಅಕ್ಕ ಆಂಪಿನ ಗುಂಡಿ ತಿರುಗಿಸತೊಡಗಿದಳು. ಒಂದು. ಎರಡು. ನಾಲ್ಕು. ಅಮ್ಮನ ಮುಖ ಹಾಗೆಯೇ ಇತ್ತು. ಐದು. ಆರು.

ಏಳಕ್ಕೆ ಬಂದಾಗ ಅಮ್ಮನ ಕಣ್ಣರಳಿತು. ಮಡಿಲಲ್ಲಿ ಬೆರಳು ತಾಳ ಹಾಕಿತು.

ಕೆಳಗಿನಿಂದ ಪೊರಕೆ ಬಡಿಯಲಿಲ್ಲ. ಅವನು ನುಡಿಸುತ್ತಲೇ ಹೋದ. ಕಣ್ಣು ಮಾತ್ರ ಆ ಗುಂಡಿಯ ಮೇಲಿತ್ತು. ಅದರಲ್ಲಿ ಬರೆದಿದ್ದದ್ದು ಹತ್ತರವರೆಗೆ ಮಾತ್ರ.