ಬಟ್ಟೆಯ ಕುರಿಗಳು

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಮನುಕಾವ್ ಪೊಲೀಸ್ ಠಾಣೆಗೆ ಬಂದ ಲೀಲಾ ಮೊದಲು ಕೇಳಿದ್ದು ಎಫ್‌ಐಆರ್ ಪ್ರತಿ.

"ಈ ದೇಶದಲ್ಲಿ ಎಫ್‌ಐಆರ್ ಅಂತ ಇಲ್ಲ ಆಂಟಿ, ಫೈಲ್ ನಂಬರ್ ಕೊಡ್ತೀನಿ," ಎಂದರು ಮೈಸೂರು ಮೂಲದ ಸಾರ್ಜೆಂಟ್ ಸಂಯುಕ್ತಾ.

ಗದಗಿನ ಕ್ರೈಸ್ತ ಕುಟುಂಬದ ಲೀಲಾ ಐವತ್ತು ದಾಟಿದ ವಿಧವೆ. ಇಲ್ಲಿನ ಕಾಲೇಜೊಂದರಲ್ಲಿ ಕ್ರೈಸ್ತ ಧರ್ಮಶಿಕ್ಷಣವನ್ನು ನೈಜೀರಿಯಾದ ಹೌಸಾ ಭಾಷೆಯ ಜೊತೆಗೆ ಓದುತ್ತಿದ್ದರು. ಇವತ್ತೇ ಹನ್ನೊಂದು ಗಂಟೆಗೆ ಕೊನೆಯ ಪರೀಕ್ಷೆ. ಹೌಸಾ ಮನೆಮಾತಿನ ಮಕ್ಕಳಿಗೆ ಬೈಬಲಿನ ಕಳೆದುಹೋದ ಕುರಿಯ ಕತೆಯನ್ನು ಅವರ ಮಾತಿನಲ್ಲೇ ಕಲಿಸಬೇಕು. ಪಾಸಾದರೆ ಉತ್ತರ ನೈಜೀರಿಯಾದ ಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸ. ಪಾಠಕ್ಕೆಂದು ತಾವೇ ಹೊಲಿದ ಬಟ್ಟೆಯ ಕುರಿಗಳ ಚೀಲ ನಿನ್ನೆ ಸಂಜೆ ತರಗತಿಯಿಂದ ಕಳುವಾಗಿತ್ತು.

ಸಿಸಿಟಿವಿಯಲ್ಲಿ ಮುಖ ಕಾಣಲಿಲ್ಲ, ತಲೆಗೆ ಜಾಕೆಟ್ಟಿನ ಟೊಪ್ಪಿಗೆಯಿತ್ತು. ಆ ವ್ಯಕ್ತಿ ಚೀಲ ಎತ್ತಿಕೊಂಡು, ಒಳಗಿದ್ದ ಬೈಬಲ್ ತೆಗೆದು, ಎರಡೂ ಕೈಯಲ್ಲಿ ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟು ಹೋಯಿತು.

ಪುಸ್ತಕದ ವಾಸನೆ ನೋಡಿತೇ ಎಂದು ಕಾನ್‌ಸ್ಟೆಬಲ್ ಕೇಳಿದ. ಸಂಯುಕ್ತಾ ನಗಲಿಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ತಾವೂ ಹಾಗೇ ಕಣ್ಣಿಗೊತ್ತಿಕೊಂಡು ಬೆಳೆದವರು.

"ನಿಮ್ಮ ಜೊತೆ ಕಾಲೇಜಿಗೆ ಬರೋ ನಮ್ಮ ಕಡೆಯವರು ಯಾರಿದ್ದಾರೆ?"

ಲೀಲಾ ಪರದೆಯನ್ನೇ ನೋಡುತ್ತ ಕೂತರು. "ನೀಲಗಂಗಾ. ನಮ್ಮ ಬಾಜೂ ಮನಿಯಾಕಿ, ದಿನಾ ಸಂಜಿಕ ನನ್ನ ಕರಕೊಂಡ ಹೋಗಾಕ ಕಾಲೇಜಿಗೆ ಬರ್ತಾಳ. ಆಕಿ ಅಡಗಿಮನ್ಯಾಗ ಕುಂತ, ಹೌಸಾದಾಗ ಜೋರಾಗಿ ಹೇಳಿ ಹೇಳಿ ಈ ಕತಿ ಕಲತೇನ್ರಿ ನಾ."

ಪರೀಕ್ಷೆ ಮುಂದೂಡಲು ಕಾಲೇಜು ಒಪ್ಪಲಿಲ್ಲ. ಲೀಲಾ ಬರಿಗೈಯಲ್ಲಿ ಹೊರಟರು.

ಹತ್ತೂ ಐವತ್ತಕ್ಕೆ ಬಾಟನಿ ಡೌನ್ಸ್ ಬಡಾವಣೆಯಲ್ಲಿ ಸಂಯುಕ್ತಾಗೆ ಮನೆಯ ಬಾಗಿಲು ತೆರೆದ ನೀಲಗಂಗಾ ಏನನ್ನೂ ಅಲ್ಲಗಳೆಯಲಿಲ್ಲ. ದೇವರ ಕೋಣೆಯಿಂದ ಚೀಲ ತಂದುಕೊಟ್ಟರು.

"ಯಾಕೆ ತಗೊಂಡ್ರಿ?"

"ನಪಾಸಾದರ ಇಲ್ಲೇ ಇರ್ತಾಳ ಅಂತ."

ಸಂಯುಕ್ತಾ ಹಕ್ಕುಗಳನ್ನು ಓದಿ ಹೇಳಿ ಬಂಧಿಸಿದರು.

ನೀಲಗಂಗಾರ ಗಂಡ ಮನೋಹರ ಆಫೀಸಿಗೆ ಹೋದ ಮೇಲೆ ಆ ಮನೆಯಲ್ಲಿ ಮಾತಿರಲಿಲ್ಲ. ಸಂಜೆ ಬರುವ ಮಕ್ಕಳು ತಾಯಿಯ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಆಡಿದ ಮಾತಿಗೆ ಕನ್ನಡದಲ್ಲೇ ಮರುಮಾತು ಬರುತ್ತಿದ್ದುದು ಲೀಲಾರಿಂದ ಮಾತ್ರ.

ಮಧ್ಯಾಹ್ನ ಲೀಲಾ ಠಾಣೆಗೆ ಬಂದಾಗ ಅವರ ನಡಿಗೆಯೇ ಬೇರೆಯಾಗಿತ್ತು. ಬಟ್ಟೆಯ ಕುರಿಗಳಿಲ್ಲವೆಂದು ಮಕ್ಕಳನ್ನೇ ಕುರಿ ಮಾಡಿ, ಒಂದು ಮಗುವನ್ನು ಪರದೆಯ ಹಿಂದೆ ಅಡಗಿಸಿ, "ಇನಾ ತುಂಕಿಯಾ?" ಅಂದರೆ ಕುರಿ ಎಲ್ಲಿ ಎಂದು ಕೇಳಿದ್ದರಂತೆ. ಹುಡುಕಿ ಹಿಡಿದ ಮಕ್ಕಳೆಲ್ಲ ಒಟ್ಟಿಗೆ "ಗಾ ತಾ ನಾನ್!" ಇಗೋ ಇಲ್ಲಿ ಎಂದು ಕೂಗಿದಾಗ, ಪರೀಕ್ಷಕಿಯೂ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ತರಗತಿಗೇ ಮೊದಲ ಸ್ಥಾನ.

ಪೊಲೀಸರು ಎಚ್ಚರಿಕೆ ಕೊಟ್ಟು ಬಿಟ್ಟಿದ್ದ ನೀಲಗಂಗಾ ಬೆಂಚಿನ ಮೇಲೆ ತಲೆತಗ್ಗಿಸಿ ಕೂತಿದ್ದರು.

"ಏಳ, ಕಳ್ಳಿ," ಎಂದರು ಲೀಲಾ. "ನೈಜೀರಿಯಾಕ್ಕ ಹೋಗೂತನಕ ನಿನಗೂ ಹೌಸಾ ಕಲಿಸ್ತೀನಿ. ಆಮ್ಯಾಲೆ ಫೋನಿನ್ಯಾಗ ಇಬ್ಬರೂ ಜಗಳಾಡಬೇಕಲ್ಲ."

ನೀಲಗಂಗಾ ಲೀಲಾಗೆ ವಾಪಸು ಸಿಕ್ಕ ಚೀಲಕ್ಕೆ ಕೈಹಾಕಿ ಒಂದು ಕುರಿ ತೆಗೆದು ಗೆಳತಿಯ ಅಂಗೈಯಲ್ಲಿಟ್ಟರು.

"ಗಾ ತಾ ನಾನ್," ಎಂದರು, ಒಂದಕ್ಷರವೂ ತಪ್ಪದೆ.